ದುರ್ಬೀನಿನ ಲೆಕ್ಕ

ಮಂಗಳವಾರ ನನ್ನ ಪಾಳಿ. ಬೀಗದ ಕೈ, ಒಂದು ಚೀಲ,
ಗಾಜು ಒರೆಸಲು ಹಳೆಯ ಬನಿಯನ್ನು.
ಗುಡ್ಡದ ನೆತ್ತಿಯಲ್ಲಿ, ಕಟಾಂಜನದ ಪಕ್ಕ
ಒಂಟಿಗಾಲಲ್ಲಿ ನಿಂತ ದುರ್ಬೀನಿನ ಹೊಟ್ಟೆ ಬಿಚ್ಚಿ
ವಾರದ ನಾಣ್ಯ ಎಣಿಸುತ್ತೇನೆ.
ಒಂದು ಯೂರೋಗೆ ಮೂರು ನಿಮಿಷ ಕಡಲು.

ಕೆಳಗೆ ಗಲೀಸಿಯದ ಕೊಲ್ಲಿ,
ನೆಲದೊಳಕ್ಕೆ ನುಗ್ಗಿ ವಾಪಸು ಹೋಗುವುದನ್ನೇ ಮರೆತ ನೀರು.
ಅದರ ತುಂಬ ತೆಪ್ಪಗಳು: ನೀಲಗಿರಿ ಮರದ ತೊಲೆ,
ತೆಪ್ಪಕ್ಕೆ ಐನೂರು ಹಗ್ಗ,
ಹಗ್ಗದ ಮೈಗೆಲ್ಲ ಅಂಟಿದ ನೀಲಿಕಲ್ಲು
ಕತ್ತಲಲ್ಲಿ ಬಾಯಿ ತೆರೆದು, ಮುಚ್ಚಿ, ದಪ್ಪಗಾಗುತ್ತಿರುತ್ತದೆ.
ಮೇಲಿಂದ ಹಗ್ಗ ಕಾಣುವುದಿಲ್ಲ.
ಯಾರೋ ಚೌಕಾಬಾರದ ಮನೆ ಬರೆದು
ಆಟಕ್ಕೆ ಬಾರದೆ ಹೋದ ಹಾಗೆ.

"ಎಷ್ಟು ಶಾಂತ!" ಎನ್ನುತ್ತಾರೆ ಬಸ್ಸಿನವರು.
ಶಾಂತ ಎನ್ನುವ ಪದ
ನನಗೀಗ ಒಂಬತ್ತು ಭಾಷೆಯಲ್ಲಿ ಗೊತ್ತು.
ಕ್ರೇನಿನ ಕಿರುಚು, ಡೀಸೆಲ್ಲಿನ ಕಮಟು,
ನನ್ನ ತಮ್ಮ ಶುರ್ಶೊ ದೋಣಿಯಲ್ಲಿ ಬೈಯುವ ಬೈಗುಳ
ಇಷ್ಟೆತ್ತರ ಹತ್ತಲಾರವು.

ಕಳೆದ ವಾರ ಒಬ್ದುಲಿಯಾ ಬಂದಳು.
ಸೊಂಟದ ಕೀಲು ಬದಲಿಸಿದ್ದಾರೆ, ನೀರಿಗಿಳಿಯಕೂಡದು.
ನಲವತ್ತನಾಲ್ಕು ವರ್ಷ ಇಳಿತ ಕಾದು
ಕೆಸರಿನಿಂದ ಮರುವಾಯಿ ಗೋರಿದವಳು.
ಗುಡ್ಡದ ಬುಡದಲ್ಲೇ ಮನೆ;
ಮೇಲೆ ಬಂದದ್ದು ಇದೇ ಮೊದಲು.
"ಕೆಲಸ ಇದ್ದವರು ಇಲ್ಲಿಗೇಕೆ ಬರುತ್ತಾರೆ?" ಎಂದಳು.
ಆಮೇಲೆ ತನ್ನ ಮಾತು ತನಗೇ ತಾಗಿ
ಕಟಾಂಜನ ಹಿಡಿದು ನಿಂತಳು.

ಪರ್ಸಿನ ತಳ ಕೆದಕಿ ನಾಣ್ಯ ಹಾಕಿದಳು.
ಮೊದಲು ಬರೀ ಆಕಾಶ. ಕೊಳವೆ ಬಗ್ಗಿಸಿಕೊಟ್ಟೆ.
ಆಮೇಲೆ ಯಾರದೋ ಮಾಳಿಗೆಯ ಒಣಗಿದ ಬಟ್ಟೆ.
ಆಮೇಲೆ,
"ಅಗೋ ಸಬೇಲ! ಸಣ್ಣವನ್ನು ವಾಪಸು ಬಿಡುತ್ತಲೇ ಇಲ್ಲ, ಕಳ್ಳಿ!
ಎರುಂದೀನ ಇನ್ನೂ ಅದೇ ತೂತು ಬಕೆಟ್ಟು ಹಿಡಿದಿದ್ದಾಳೆ."
ಮುಖ ಕಾಣುವಷ್ಟು ಹತ್ತಿರವಲ್ಲ.
ಬೆನ್ನು ಬಾಗಿದ ರೀತಿಯಲ್ಲೇ ಹೆಸರು ಹೇಳುತ್ತಿದ್ದಳು,
ನಾವು ಕೈಬರಹ ನೋಡಿ
ಯಾರ ಕಾಗದವೆಂದು ಹೇಳುವಂತೆ.
ಚೆಂದದ ಮಾತು ಒಂದೂ ಇಲ್ಲ. ಕಿಲೋಗೆ ಎಷ್ಟು,
ಗಾಳಿ ಎತ್ತಲಿಂದ,
ಚಳಿಗಾಲದ ಮಳೆಗೆ ಉಪ್ಪು ತೆಳುವಾಗಿ
ಮರಿಗಳೆಲ್ಲ ಬಾಯಿಬಿಟ್ಟು ಸತ್ತ ವರ್ಷ ಯಾವುದು.

ಹಾಗೇ ಮಾತು ನಿಂತಿತು.
ಮೂರನೆಯ ಗೂಟದ ಬಳಿ, ಅವಳ ಜಾಗದಲ್ಲಿ
ಕೆಂಪು ಟೊಪ್ಪಿಯ ಹುಡುಗಿ.
ಖಾಲಿ ಇಟ್ಟಿರುತ್ತಾರೆ ಅಂದುಕೊಂಡಿದ್ದಳೋ ಏನೋ.
"ಮಂಡಿ ಬಗ್ಗಿಸೇ! ಸೊಂಟ ಅಲ್ಲ, ಮಂಡಿ!"
ಗುಡ್ಡದ ಮೇಲಿಂದ ಕೂಗಿದಳು,
ಸೆಲ್ಫಿಯವರೆಲ್ಲ ತಿರುಗಿ ನೋಡುವಂತೆ.
ಟಕ್. ಯಂತ್ರ ರೆಪ್ಪೆ ಮುಚ್ಚಿತು.

ಅವಳ ಬಳಿ ಬಸ್ಸಿಗಷ್ಟೇ ಚಿಲ್ಲರೆ. ನನ್ನ ಬಳಿ ಬೀಗದ ಕೈ.
ಅದೇ ನಾಣ್ಯ ತೆಗೆದು ಅವಳ ಅಂಗೈಗಿಟ್ಟೆ.
ಮತ್ತೆ ಮೂರು ನಿಮಿಷ. ಮತ್ತೆ.
ನಾಣ್ಯ ಬೆಚ್ಚಗಾಗುವವರೆಗೂ ಮತ್ತೆ.
ಭರತ ಏರಿತು. ಹೆಂಗಸರು ಒಬ್ಬೊಬ್ಬರಾಗಿ ದಡ ಸೇರಿದರು.
ಕೊನೆಯವಳು ಕೆಂಪು ಟೊಪ್ಪಿ;
ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗಿ
ಹಣೆಗೆ ಕೈ ಅಡ್ಡ ಹಿಡಿದು ಗುಡ್ಡದ ಕಡೆ ನೋಡಿದಳಂತೆ.
ಒಬ್ದುಲಿಯಾ ಕೈ ಎತ್ತಿದಳು,
ಅರ್ಧಕ್ಕೇ ಇಳಿಸಿದಳು.
"ಕಲಿಯುತ್ತಾಳೆ ಬಿಡು. ಸೊಂಟವೇ ಕಲಿಸುತ್ತೆ."

ಕಂಪನಿಯಿಂದ ಫೋನು ಬಂತು:
ಮೀಟರಿನಲ್ಲಿ ಹನ್ನೊಂದು ನೋಟ ಹೆಚ್ಚು, ದುಡ್ಡು ಕಡಿಮೆ.
ಯಂತ್ರದ ದೋಷ ಎಂದು ಬರೆದುಕೊಟ್ಟೆ.

ಇವತ್ತು ಮಂಜು. ಕೊಲ್ಲಿಯಿಲ್ಲ, ತೆಪ್ಪವಿಲ್ಲ.
ಬಸ್ಸಿನವರು ಫಲಕದ ಚಿತ್ರವನ್ನೇ ನೋಡಿ ಮರಳಿದರು.
ಗಾಳಿ ಬಿದ್ದಿತ್ತು; ಆ ಬಿಳುಪಿನೊಳಗಿಂದ
ಮೊದಲ ಸಲ ಮೇಲಕ್ಕೆ ಕೇಳಿಬಂತು ಕ್ರೇನು,
ಚಿಪ್ಪು ಸುರಿಯುವ ಸದ್ದು,
ನಮ್ಮ ಶುರ್ಶೊನ ಬೈಗುಳ, ಅಕ್ಷರ ಅಕ್ಷರ.
ಗಾಜು ಒರೆಸುವುದನ್ನು ನಿಲ್ಲಿಸಿ
ಪೂರ್ತಿ ಕೇಳಿಸಿಕೊಂಡೆ.